ಆರೈಕೆಯ ತೂಕವನ್ನು ಅಳೆಯುವುದು ಹೇಗೆ?

ಅಮೆರಿಕದಲ್ಲಿ ಅರವತ್ತೈದು ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆಯೇ ಮೆಡಿಕೇರ್. ಆಸ್ಪತ್ರೆಯಲ್ಲಿ ಕನಿಷ್ಠ ಮೂರು ದಿನ ಒಳರೋಗಿಯಾಗಿದ್ದು, ಮನೆಗೆ ಹೋಗುವಷ್ಟು ಇನ್ನೂ ಚೇತರಿಸಿಕೊಳ್ಳದ ಹಿರಿಯರನ್ನು ಈ ವಿಮೆಯ ಆಶ್ರಯದಲ್ಲಿ ಕೆಲವು ವಾರಗಳ ಮಟ್ಟಿಗೆ ‘ಸ್ಕಿಲ್ಡ್ ನರ್ಸಿಂಗ್ ಫೆಸಿಲಿಟಿ’ ಎಂಬ ಆರೈಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ನಮ್ಮೂರಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಇಲ್ಲಿ ಆ ಹೆಸರು ಇಂಥ ಆರೈಕೆ ಕೇಂದ್ರಗಳದ್ದು. ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಇಲ್ಲಿಗೆ ಬಂದ ನಾನು ಹಲವು ವರ್ಷಗಳಿಂದ ಇಂಥ ಕೇಂದ್ರಗಳಲ್ಲೇ ಕೆಲಸ ಮಾಡುತ್ತಿದ್ದೇನೆ. ಮೊದಲು ಥೆರಪಿಸ್ಟ್ ಆಗಿ ರೋಗಿಗಳನ್ನು ನಡೆಸುತ್ತಿದ್ದೆ. ಈಗ ಅದರ ಜೊತೆಗೆ ಅವರ ಸ್ಥಿತಿಯನ್ನು ಅಳೆದು ದಾಖಲಿಸುವ ತಂಡದಲ್ಲೂ ಇದ್ದೇನೆ. ಆ ದಾಖಲೆಯ ಆಧಾರದ ಮೇಲೆಯೇ ಕೇಂದ್ರಕ್ಕೆ ದಿನಕ್ಕೆ ಎಷ್ಟು ಹಣ ಎಂಬುದು ತೀರ್ಮಾನವಾಗುತ್ತದೆ. ಅಳತೆಗೋಲು ಬದಲಾದಾಗ ರೋಗಿಯ ಮಂಚದ ಪಕ್ಕದಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲ ರೋಗಿಗಳಿಗೂ ಒಂದೇ ದರ ಕೊಟ್ಟರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಮೊಣಕಾಲಿನ ಕೀಲು ಬದಲಿಸಿಕೊಂಡು ಎರಡು ವಾರದಲ್ಲಿ ಮನೆಗೆ ಹೊರಡುವವರನ್ನು ಕೇಂದ್ರಗಳು ಸಂತೋಷದಿಂದ ಸೇರಿಸಿಕೊಳ್ಳುತ್ತವೆ. ಗಂಟಲಿಗೆ ನಳಿಕೆ ಹಾಕಿಸಿಕೊಂಡು, ರಕ್ತನಾಳದ ಮೂಲಕ ಔಷಧ ಪಡೆಯುತ್ತಿರುವವರಿಗೆ ಹಾಸಿಗೆ ಖಾಲಿ ಇಲ್ಲ ಎಂಬ ಉತ್ತರ ಸಿಗುತ್ತದೆ. ಖರ್ಚಾದಷ್ಟನ್ನೂ ಮರಳಿ ಕೊಡುತ್ತೇವೆ ಎಂದರೆ ಖರ್ಚಿಗೆ ಮಿತಿಯೇ ಇರುವುದಿಲ್ಲ. ಮೆಡಿಕೇರ್ ಮೊದಲು ನಡೆಯುತ್ತಿದ್ದುದು ಈ ಎರಡನೆಯ ರೀತಿಯಲ್ಲಿ. ಆಸ್ಪತ್ರೆಗಳ ಮಟ್ಟಿಗೆ 1983ರ ಅಕ್ಟೋಬರ್‌ನಲ್ಲಿ ಅದು ಬದಲಾಯಿತು. ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್ ರೂಪಿಸಿದ್ದ ರೋಗನಿದಾನ ಆಧಾರಿತ ಗುಂಪುಗಳು, ಅಂದರೆ ಡಿಆರ್‌ಜಿ ಪದ್ಧತಿ, ಆಗ ಜಾರಿಗೆ ಬಂದಿತು. ಒಂದೊಂದು ಗುಂಪಿಗೆ ಒಂದೊಂದು ತೂಕ. ಮೂಲ ದರವನ್ನು ಆ ತೂಕದಿಂದ ಗುಣಿಸಿದರೆ ಆ ರೋಗಿಗೆ ಸಲ್ಲುವ ಹಣ. ಒಂದು ಸಂಸ್ಥೆಯ ಎಲ್ಲ ರೋಗಿಗಳ ತೂಕದ ಸರಾಸರಿಯೇ ಅದರ ಕೇಸ್ ಮಿಕ್ಸ್ ಸೂಚ್ಯಂಕ. ಇಲ್ಲಿನ ಆಡಳಿತದವರ ಬಾಯಲ್ಲಿ ದಿನವೂ ಕೇಳುವ ‘ಸಿಎಂಐ’ ಅದೇ.

ಆದರೆ ಆರೈಕೆ ಕೇಂದ್ರಗಳಿಗೆ ರೋಗದ ಹೆಸರೊಂದೇ ಸಾಲದು. ಪಾರ್ಶ್ವವಾಯು ಎಂಬ ಒಂದೇ ಹೆಸರಿನಡಿ ತಾವೇ ಎದ್ದು ಹಲ್ಲುಜ್ಜಿಕೊಳ್ಳುವವರೂ ಇರುತ್ತಾರೆ, ಮಗ್ಗುಲು ಬದಲಿಸಲು ಇಬ್ಬರ ನೆರವು ಬೇಕಾದವರೂ ಇರುತ್ತಾರೆ. ಆದ್ದರಿಂದ ಇಲ್ಲಿನ ಅಳತೆಗೆ ಬೇರೆಯದೇ ದಾಖಲೆ ಬೇಕಾಯಿತು. 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾನೂನು ಪ್ರತಿಯೊಬ್ಬ ನಿವಾಸಿಯ ಸ್ಥಿತಿಯನ್ನೂ ಒಂದೇ ರೀತಿಯ ನಮೂನೆಯಲ್ಲಿ ದಾಖಲಿಸಬೇಕೆಂದು ವಿಧಿಸಿತ್ತು. ಆ ನಮೂನೆಯೇ ಮಿನಿಮಮ್ ಡೇಟಾ ಸೆಟ್, ಎಲ್ಲರ ರೂಢಿಯಲ್ಲಿ ಎಂಡಿಎಸ್. ಅದು ಹುಟ್ಟಿದ್ದು ಆರೈಕೆಯ ಯೋಜನೆಗಾಗಿ. ಸುಮಾರು ಒಂದು ದಶಕದ ನಂತರ, 1998ರ ಜುಲೈಯಿಂದ, ಅದೇ ನಮೂನೆ ಹಣ ಪಾವತಿಯ ಆಧಾರವೂ ಆಯಿತು. ಒಂದೇ ಕಾಗದ ಎರಡು ಯಜಮಾನರಿಗೆ ದುಡಿಯಲು ಆರಂಭಿಸಿದ್ದು ಅಂದಿನಿಂದ.

ಹೀಗೆ ಬಂದ ಪದ್ಧತಿಯನ್ನು ನಾವು ‘ರಗ್’ ಎನ್ನುತ್ತಿದ್ದೆವು. ಸಂಪನ್ಮೂಲ ಬಳಕೆಯ ಆಧಾರದ ಮೇಲೆ ರೋಗಿಗಳನ್ನು ಗುಂಪು ಮಾಡುವ ವಿಧಾನ. ಅದರ ಕೊನೆಯ ಆವೃತ್ತಿಯಲ್ಲಿ 66 ಗುಂಪುಗಳಿದ್ದವು. ರೋಗಿ ಯಾವ ಗುಂಪಿಗೆ ಸೇರುತ್ತಾರೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ಏಳು ದಿನಗಳಲ್ಲಿ ಅವರಿಗೆ ಸಿಕ್ಕ ಥೆರಪಿಯ ನಿಮಿಷಗಳು. 325 ನಿಮಿಷವಾದರೆ ಒಂದು ಮಟ್ಟ, 500 ಆದರೆ ಅದಕ್ಕಿಂತ ಮೇಲಿನದು, 720 ತಲುಪಿದರೆ ಎಲ್ಲಕ್ಕಿಂತ ಮೇಲಿನ ಮಟ್ಟ. 719 ನಿಮಿಷಕ್ಕೂ 720 ನಿಮಿಷಕ್ಕೂ ರೋಗಿಯ ದೇಹದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ, ಬಿಲ್ಲಿನಲ್ಲಿ ಆಗುತ್ತಿತ್ತು. ಮೆಡಿಕೇರ್ ಪಾವತಿಸುತ್ತಿದ್ದ ದಿನಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಥೆರಪಿಯ ಗುಂಪುಗಳಲ್ಲೇ ಬೀಳತೊಡಗಿದ್ದವು. ಆ ಕಾಲದಲ್ಲಿ ನಾನು ಕೆಲಸ ಮಾಡುತ್ತಿದ್ದ ಕೇಂದ್ರವೊಂದರಲ್ಲಿ ಬೆಳಗಿನ ಸಭೆಯ ಮೊದಲ ಪ್ರಶ್ನೆ ರೋಗಿ ಹೇಗಿದ್ದಾರೆ ಎಂಬುದಾಗಿರಲಿಲ್ಲ, ವಾರ ಮುಗಿಯುವಷ್ಟರಲ್ಲಿ ಇನ್ನೆಷ್ಟು ನಿಮಿಷ ಬಾಕಿ ಎಂಬುದಾಗಿತ್ತು. ರಾತ್ರಿಯೆಲ್ಲ ಕೆಮ್ಮಿ ನಿದ್ದೆಗೆಟ್ಟ ವೃದ್ಧರೊಬ್ಬರನ್ನು ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಜಿಮ್ಮಿಗೆ ಕರೆದೊಯ್ಯಬೇಕಾದಾಗ ನನಗೆ ಆಗುತ್ತಿದ್ದ ಸಂಕಟ ಇಂದಿಗೂ ನೆನಪಿದೆ. ಇದು ಒಂದು ಕಡೆಯ ಕಥೆಯಲ್ಲ. ಅಗತ್ಯವಿಲ್ಲದ ಥೆರಪಿ ಕೊಟ್ಟು ಹಣ ಪಡೆದ ಆರೋಪದ ಮೇಲೆ ದೊಡ್ಡ ಕಂಪನಿಗಳು ಸರ್ಕಾರದೊಡನೆ ರಾಜಿ ಮಾಡಿಕೊಂಡು ಕೋಟಿಗಟ್ಟಲೆ ಡಾಲರ್ ತೆತ್ತದ್ದು ಆ ವರ್ಷಗಳಲ್ಲಿ ಎಲ್ಲರೂ ಓದಿದ ಸುದ್ದಿ. 2016ರ ಒಂದು ಪ್ರಕರಣದಲ್ಲಿ ಆ ಮೊತ್ತ 14.5 ಕೋಟಿ ಡಾಲರ್ ಆಗಿತ್ತು.

ದೋಷದ ಬೇರು ಅಳತೆಯಲ್ಲೇ ಇತ್ತು. ರೋಗಿಯ ಸ್ಥಿತಿಯನ್ನು ಅಳೆಯಬೇಕಾದ ಕಡೆ ಆ ಪದ್ಧತಿ ಕೊಟ್ಟ ಚಿಕಿತ್ಸೆಯನ್ನು ಅಳೆಯುತ್ತಿತ್ತು. ಎಷ್ಟು ಕೊಡಬೇಕೆಂದು ತೀರ್ಮಾನಿಸುವವರೂ ಅದರಿಂದ ಹಣ ಪಡೆಯುವವರೂ ಒಬ್ಬರೇ ಆಗಿರುವಾಗ ಅಳತೆ ಮೇಲಕ್ಕೇ ಏರುತ್ತದೆ.

2019ರ ಅಕ್ಟೋಬರ್ 1ರಂದು ಇದೆಲ್ಲ ಒಂದೇ ದಿನದಲ್ಲಿ ಬದಲಾಯಿತು. ಹೊಸ ಪದ್ಧತಿಯ ಹೆಸರು ಪಿಡಿಪಿಎಂ. ಚಾಲಕ ಶಕ್ತಿ ರೋಗಿಯೇ ಆಗಿರಬೇಕೆಂಬುದು ಆ ಹೆಸರಿನ ಆಶಯ. ಥೆರಪಿಯ ನಿಮಿಷಗಳಿಗೂ ದರಕ್ಕೂ ಇದ್ದ ನಂಟನ್ನು ಅದು ಪೂರ್ತಿಯಾಗಿ ಕಡಿದುಹಾಕಿತು. ದಿನದ ದರವನ್ನು ಈಗ ಫಿಸಿಯೋಥೆರಪಿ, ದಿನನಿತ್ಯದ ಕೆಲಸಗಳನ್ನು ಮರಳಿ ರೂಢಿಸುವ ಆಕ್ಯುಪೇಷನಲ್ ಥೆರಪಿ, ಮಾತು, ನುಂಗುವಿಕೆ, ನೆನಪಿನ ತೊಂದರೆಗಳನ್ನು ನೋಡಿಕೊಳ್ಳುವ ಸ್ಪೀಚ್ ಥೆರಪಿ, ನರ್ಸಿಂಗ್, ಔಷಧ ಮೊದಲಾದ ಥೆರಪಿಯೇತರ ವೆಚ್ಚ ಎಂಬ ಐದು ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ರೋಗಿಯ ಲಕ್ಷಣಗಳಿಗೆ ತಕ್ಕ ತೂಕವನ್ನು ಬೇರೆಬೇರೆಯಾಗಿ ಕಟ್ಟುತ್ತಾರೆ. ಅದರ ಮೇಲೆ ಊಟ, ವಸತಿ, ಕಟ್ಟಡ, ಆಡಳಿತ ಮುಂತಾದವುಗಳಿಗೆ ಎಲ್ಲರಿಗೂ ಸಮನಾದ ಒಂದು ಭಾಗ ಸೇರುತ್ತದೆ.

ಒಬ್ಬ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಂಬತ್ತು ವರ್ಷದ ಮಹಿಳೆಯೊಬ್ಬರು ಸ್ನಾನದ ಮನೆಯಲ್ಲಿ ಬಿದ್ದು ಸೊಂಟದ ಬಳಿ ತೊಡೆಯ ಮೂಳೆ ಮುರಿದುಕೊಂಡಿದ್ದಾರೆ. ಮುರಿದ ಮೂಳೆಯನ್ನು ಸರಳು, ತಿರುಪುಗಳಿಂದ ಕೂಡಿಸಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯಿದೆ, ಹಳೆಯ ಶ್ವಾಸಕೋಶದ ರೋಗವಿದೆ, ಮರೆವು ಈಗ ತಾನೇ ಶುರುವಾಗಿದೆ, ಗಟ್ಟಿ ಆಹಾರ ನುಂಗಲು ಕಷ್ಟವಾಗಿ ಮೆದುಗೊಳಿಸಿದ ಊಟ ಮಾಡುತ್ತಿದ್ದಾರೆ. ಇಷ್ಟನ್ನೂ ಹೊತ್ತು ಒಬ್ಬರೇ ಮನುಷ್ಯರು ಬಂದಿದ್ದಾರೆ. ಪದ್ಧತಿ ಅವರನ್ನು ಐದು ಕಡೆಯಿಂದ ನೋಡುತ್ತದೆ.

ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಗೆ ಮೊದಲು ನೋಡುವುದು ಅವರು ಇಲ್ಲಿಗೆ ಬಂದ ಮುಖ್ಯ ಕಾರಣ. ಕೀಲು ಬದಲಾವಣೆ ಅಥವಾ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಒಂದು ವರ್ಗ, ಇತರ ಮೂಳೆ ತೊಂದರೆಗಳು ಇನ್ನೊಂದು, ನರಗಳ ತೀವ್ರ ಸಮಸ್ಯೆ ಮತ್ತು ಮೂಳೆಗೆ ಸಂಬಂಧಿಸದ ಶಸ್ತ್ರಚಿಕಿತ್ಸೆಗಳು ಮತ್ತೊಂದು, ಉಳಿದದ್ದೆಲ್ಲ ಔಷಧೋಪಚಾರದ ವರ್ಗ. ನಮ್ಮ ಮಹಿಳೆ ಎರಡನೆಯ ವರ್ಗಕ್ಕೆ ಸೇರುತ್ತಾರೆ. ನಂತರ ಅವರು ದಿನನಿತ್ಯದ ಕೆಲಸಗಳನ್ನು ಎಷ್ಟರ ಮಟ್ಟಿಗೆ ಮಾಡಿಕೊಳ್ಳಬಲ್ಲರು ಎಂಬುದಕ್ಕೆ ಸೊನ್ನೆಯಿಂದ 24ರವರೆಗೆ ಅಂಕ. ಊಟ ಮಾಡುವುದು, ಬಾಯಿ ತೊಳೆದುಕೊಳ್ಳುವುದು, ಶೌಚದ ನಂತರ ಶುಚಿಯಾಗುವುದು, ಮಲಗಿದಲ್ಲಿಂದ ಏಳುವುದು, ಮಂಚದಿಂದ ಕುರ್ಚಿಗೆ ಬರುವುದು, ಐವತ್ತು ಅಡಿ ನಡೆದು ಎರಡು ತಿರುವು ತೆಗೆದುಕೊಳ್ಳುವುದು ಇಂಥವನ್ನೆಲ್ಲ ಬಂದ ಮೊದಲ ಮೂರು ದಿನಗಳಲ್ಲಿ ಗಮನಿಸಿ ಬರೆಯಬೇಕು. ಬರೆಯಬೇಕಾದದ್ದು ಅವರು ಒಮ್ಮೆ ಕಷ್ಟಪಟ್ಟು ಸಾಧಿಸಿದ್ದನ್ನಲ್ಲ, ಒಮ್ಮೆ ಸೋತದ್ದನ್ನೂ ಅಲ್ಲ, ಸಾಮಾನ್ಯವಾಗಿ ಮಾಡುವುದನ್ನು.

ಇಲ್ಲಿ ಹೊರಗಿನವರಿಗೆ ವಿಚಿತ್ರವೆನಿಸುವ ಒಂದು ಸಂಗತಿಯಿದೆ. ಇವರ ವರ್ಗದಲ್ಲಿ ಥೆರಪಿಯ ತೂಕ ಅತಿ ಹೆಚ್ಚಿರುವುದು ಪೂರ್ತಿ ಪರಾವಲಂಬಿಯಾದವರಿಗಲ್ಲ. ಹತ್ತರಿಂದ ಇಪ್ಪತ್ತಮೂರರ ನಡುವೆ ಅಂಕ ಪಡೆದವರಿಗೆ. ಏನನ್ನೂ ಮಾಡಲಾಗದವರು ಹೆಚ್ಚು ಹೊತ್ತಿನ ವ್ಯಾಯಾಮವನ್ನು ತಾಳಿಕೊಳ್ಳಲಾರರು, ಎಲ್ಲವನ್ನೂ ಮಾಡಬಲ್ಲವರಿಗೆ ಅದರ ಅಗತ್ಯ ಕಡಿಮೆ. ನಡುವಿನವರಿಗೇ ಥೆರಪಿಯಿಂದ ಸಿಗುವುದು ಹೆಚ್ಚು. ಕಾಯಿಲೆ ಎಷ್ಟು ಗಂಭೀರ ಎಂಬುದೂ ಆರೈಕೆಗೆ ಎಷ್ಟು ಸಂಪನ್ಮೂಲ ಬೇಕು ಎಂಬುದೂ ಬೇರೆಬೇರೆ ಪ್ರಶ್ನೆಗಳು. ಈ ಪದ್ಧತಿಯ ಅಂಕಗಳೆಲ್ಲ ಎರಡನೆಯ ಪ್ರಶ್ನೆಗೆ ಉತ್ತರ. ಇದನ್ನು ತಿಳಿಯದೆ ಅಂಕಗಳನ್ನು ಓದಿದರೆ ದಾರಿ ತಪ್ಪುತ್ತದೆ.

ಸ್ಪೀಚ್ ಥೆರಪಿಯ ಭಾಗಕ್ಕೆ ನೆನಪಿನ ತೊಂದರೆಯೂ ನುಂಗುವ ಕಷ್ಟ ಮತ್ತು ಮೆದು ಆಹಾರವೂ ಲೆಕ್ಕಕ್ಕೆ ಬರುತ್ತವೆ. ಔಷಧಾದಿ ವೆಚ್ಚದ ಭಾಗದಲ್ಲಿ ಒಂದೊಂದು ಕಾಯಿಲೆಗೂ ಚಿಕಿತ್ಸೆಗೂ ಇಂತಿಷ್ಟು ಅಂಕ: ಸಕ್ಕರೆ ಕಾಯಿಲೆಗೆ ಎರಡು, ಶ್ವಾಸಕೋಶದ ಹಳೆಯ ರೋಗಕ್ಕೆ ಎರಡು, ರಕ್ತನಾಳದ ಮೂಲಕ ಔಷಧ ಕೊಡುತ್ತಿದ್ದರೆ ಐದು, ಎಚ್‌ಐವಿಗೆ ಎಂಟು. ಒಟ್ಟು ಅಂಕ ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚಿರುವವರು ಎಲ್ಲಕ್ಕಿಂತ ಮೇಲಿನ ಗುಂಪು, ಸೊನ್ನೆಯವರು ಕೆಳಗಿನ ಗುಂಪು. ಈ ಎರಡರ ತೂಕದ ನಡುವೆ ಪದ್ಧತಿ ಆರಂಭವಾದಾಗ ಸುಮಾರು ನಾಲ್ಕೂವರೆ ಪಟ್ಟು ಅಂತರವಿತ್ತು. ಹೊಸ ರೋಗಿಗೆ ಮೊದಲ ದಿನಗಳಲ್ಲೇ ದುಬಾರಿ ಔಷಧಗಳನ್ನು ತರಿಸಬೇಕಾಗುವುದರಿಂದ ಈ ಭಾಗದ ದರ ಮೊದಲ ಮೂರು ದಿನ ಮೂರು ಪಟ್ಟು ಇರುತ್ತದೆ. ಇಂಥ ದುಬಾರಿ ಔಷಧ ಬೇಕಾದವರತ್ತ ಹಳೆಯ ಪದ್ಧತಿಯ ಗಮನ ಕಡಿಮೆಯಿತ್ತು. ದುಬಾರಿ ಆ್ಯಂಟಿಬಯಾಟಿಕ್ ಬೇಕಾದ, ಆದರೆ ಥೆರಪಿ ಹೆಚ್ಚು ಬೇಡವಾದ ರೋಗಿಗೆ ಹಾಸಿಗೆ ಸಿಗುವುದು ಆಗ ಕಷ್ಟವಾಗಿತ್ತು. ಹೊಸ ಪದ್ಧತಿಯ ನಿಜವಾದ ಒಳ್ಳೆಯತನ ನನಗೆ ಕಾಣುವುದು ಇಲ್ಲಿಯೇ.

ನರ್ಸಿಂಗ್ ಭಾಗಕ್ಕೆ 25 ಗುಂಪುಗಳಿವೆ, ಮತ್ತು ಸೂಕ್ಷ್ಮವಾಗಿ ನೋಡುವ ಕಣ್ಣು ಅತ್ಯಗತ್ಯವಾಗುವುದು ಇಲ್ಲಿ. ನಮ್ಮ ಮಹಿಳೆಗೆ ಶ್ವಾಸಕೋಶದ ಹಳೆಯ ರೋಗವಿದೆ ಎಂದಷ್ಟೇ ಬರೆದರೆ ನರ್ಸಿಂಗ್ ಗುಂಪು ಬದಲಾಗುವುದಿಲ್ಲ. ಅದರ ಜೊತೆಗೆ ಸಪಾಟಾಗಿ ಮಲಗಿದಾಗ ಉಸಿರಾಡಲು ಕಷ್ಟವಾಗುತ್ತದೆ ಎಂಬುದು ದಾಖಲಾದರೆ ಅವರು ಹೆಚ್ಚಿನ ವಿಶೇಷ ಆರೈಕೆಯ ಗುಂಪಿಗೆ ಸೇರಬಹುದು. ಆದರೆ ಇಂಥ ರೋಗಿ ಸಪಾಟಾಗಿ ಮಲಗುವುದೇ ಇಲ್ಲ; ವರ್ಷಗಳಿಂದ ಮೂರು ದಿಂಬಿಟ್ಟುಕೊಂಡು ಮಲಗುವುದು ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಉಸಿರಾಟ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ದಿಂಬುಗಳನ್ನು ಕಂಡು, ಇಷ್ಟೊಂದು ಏಕೆ ಎಂದು ಕೇಳುವ ನರ್ಸ್ ಇದ್ದರೆ ಮಾತ್ರ ಆ ಸತ್ಯ ಕಾಗದಕ್ಕೆ ಬರುತ್ತದೆ. ಖಿನ್ನತೆಯದೂ ಹೀಗೆಯೇ, ಪ್ರಶ್ನಾವಳಿಯನ್ನು ಬಾಗಿಲಲ್ಲಿ ನಿಂತು ಗಡಿಬಿಡಿಯಲ್ಲಿ ಓದಿದವರಿಗೆ ಎಲ್ಲದಕ್ಕೂ ಇಲ್ಲ ಎಂಬ ಉತ್ತರ ಸಿಗುತ್ತದೆ, ಕುರ್ಚಿ ಎಳೆದುಕೊಂಡು ಕುಳಿತವರಿಗೆ ಬೇರೆ ಉತ್ತರ ಸಿಗುತ್ತದೆ.

ಈ ಭಾಗದ ಬಗ್ಗೆ ನನಗೊಂದು ಗಂಭೀರ ಆಕ್ಷೇಪವೂ ಇದೆ. ನರ್ಸಿಂಗ್ ತೂಕಗಳಿಗೆ ಆಧಾರವಾದದ್ದು 2006 ಮತ್ತು 2007ರಲ್ಲಿ 15 ರಾಜ್ಯಗಳ ಸುಮಾರು 200 ಕೇಂದ್ರಗಳಲ್ಲಿ ನಡೆದ ಒಂದು ಸಮಯಾಧ್ಯಯನ. ಯಾವ ರೋಗಿಗೆ ಸಿಬ್ಬಂದಿ ಎಷ್ಟು ನಿಮಿಷ ಕೊಡುತ್ತಾರೆಂದು ಅಲ್ಲಿ ಅಳೆದಿದ್ದರು. ಅಂದಿನಿಂದ ಇಂದಿಗೆ ಆಸ್ಪತ್ರೆಗಳು ರೋಗಿಗಳನ್ನು ಬಿಡುಗಡೆ ಮಾಡುವ ರೀತಿಯೂ ಬದಲಾಗಿದೆ, ಬರುವ ರೋಗಿಗಳೂ ಬದಲಾಗಿದ್ದಾರೆ. ಮೇಲಾಗಿ, ಇದ್ದ ಸಿಬ್ಬಂದಿ ಕೊಟ್ಟ ಸಮಯವನ್ನು ಅಳೆದರೆ ಸಿಗುವುದು ಕೊಟ್ಟ ಸಮಯ ಮಾತ್ರ, ಕೊಡಬೇಕಾಗಿದ್ದ ಸಮಯವಲ್ಲ. ಮರೆವಿನ ರೋಗಿ ರಾತ್ರಿ ಎರಡು ಗಂಟೆಗೆ ಎದ್ದು ಮನೆಗೆ ಹೊರಟಾಗ ಅವರ ಕೈ ಹಿಡಿದು ಓಣಿಯ ಉದ್ದಕ್ಕೂ ನಡೆಯುವ ಸಹಾಯಕಿಯ ಅರ್ಧ ಗಂಟೆಗೆ ಇಲ್ಲಿ ದೊರೆಯುವ ತೂಕ ಬಹಳ ಕಡಿಮೆ. ನಡವಳಿಕೆ ಮತ್ತು ಮರೆವಿನ ಗುಂಪುಗಳು ನರ್ಸಿಂಗ್ ಪಟ್ಟಿಯ ಕೆಳಗಿನ ಸ್ಥಾನಗಳಲ್ಲೇ ಇವೆ.

ಹೊಸ ಪದ್ಧತಿ ಬಂದ ಮೇಲೆ ಆದದ್ದೇನು? ನಿಮಿಷಗಳಿಗೆ ಹಣ ನಿಂತಿತು, ನಿಮಿಷಗಳೂ ಇಳಿದವು. ರೋಗಿಗೆ ದಿನಕ್ಕೆ ಸರಾಸರಿ 91 ನಿಮಿಷವಿದ್ದ ಥೆರಪಿ ಮುಂದಿನ ವರ್ಷ ಸುಮಾರು 62 ನಿಮಿಷಕ್ಕೆ ಕುಸಿಯಿತೆಂದು ಮೆಡಿಕೇರ್ ಆಡಳಿತವೇ ಹೇಳಿತು. ಅನೇಕ ಕಡೆ ಥೆರಪಿಸ್ಟರು ಕೆಲಸ ಕಳೆದುಕೊಂಡರು. ಅವರಲ್ಲಿ ನಮ್ಮ ದೇಶದಿಂದ ಬಂದ ನನ್ನ ಸ್ನೇಹಿತರೂ ಇದ್ದರು. ಅದೇ ಹೊತ್ತಿನಲ್ಲಿ ನುಂಗುವ ತೊಂದರೆ, ಖಿನ್ನತೆ ಮುಂತಾದವು ದಾಖಲೆಗಳಲ್ಲಿ ಗಮನಾರ್ಹವಾಗಿ ಹೆಚ್ಚಿದವು. ಇದರಲ್ಲಿ ಹಿಂದೆ ಯಾರೂ ಬರೆಯದಿದ್ದ ನಿಜವೂ ಇದೆ, ಹಣಕ್ಕಾಗಿ ಹುಡುಕಿ ಬರೆದದ್ದೂ ಇರಬಹುದು. ಹೊರಗಿನಿಂದ ನೋಡುವವರಿಗೆ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಒಟ್ಟು ಖರ್ಚು ಅಂದಾಜಿಗಿಂತ ಹೆಚ್ಚಾಯಿತೆಂದು ಸರ್ಕಾರ ಎಲ್ಲ ಕೇಂದ್ರಗಳ ದರವನ್ನು ಎರಡು ವರ್ಷಗಳಲ್ಲಿ ಒಟ್ಟು ಶೇಕಡ 4.6ರಷ್ಟು ಇಳಿಸಿತು. ಪ್ರಾಮಾಣಿಕವಾಗಿ ಬರೆದವರಿಗೂ ಅದೇ ಕಡಿತ.

ರೋಗಿಯ ಸ್ಥಿತಿಯನ್ನೇ ಅಳೆಯುವ ತತ್ವ ಸರಿಯಾದದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಸ್ಥಿತಿಗೆ ಹಣ ಪಡೆದವರು ಅದಕ್ಕೆ ತಕ್ಕ ಥೆರಪಿಯನ್ನು ಕೊಟ್ಟರೇ ಎಂದು ಕೇಳುವ ಗಟ್ಟಿಯಾದ ನಿಯಮ ಈ ಪದ್ಧತಿಯಲ್ಲಿಲ್ಲ. ಗುಂಪಿನಲ್ಲಿ ಕೊಡುವ ಥೆರಪಿ ಮತ್ತು ಏಕಕಾಲಕ್ಕೆ ಇಬ್ಬರಿಗೆ ಕೊಡುವ ಥೆರಪಿ ಸೇರಿ ಒಟ್ಟಿನ ಶೇಕಡ 25 ಮೀರಬಾರದು ಎಂಬ ಮಿತಿಯಿದೆ. ಇಷ್ಟನ್ನಾದರೂ ಕೊಡಲೇಬೇಕು ಎಂಬ ಕನಿಷ್ಠ ಪ್ರಮಾಣವಿಲ್ಲ. ಬಿಡುಗಡೆಯಾಗುವಾಗ ಅದೇ ಅಂಕಪಟ್ಟಿಯನ್ನು ಮತ್ತೆ ತುಂಬುತ್ತೇವೆ. ಬಂದಾಗಿನ ಸ್ಥಿತಿಯನ್ನು ನೋಡಿ ನಿರೀಕ್ಷಿಸಿದ ಮಟ್ಟವನ್ನು ಹೋಗುವಾಗಿನ ಅಂಕ ಮುಟ್ಟಿತೇ ಎಂಬುದು ಗುಣಮಟ್ಟದ ಮಾಪನದಲ್ಲಿ ಬಳಕೆಯಾಗುತ್ತದೆ. ಆ ಸುಧಾರಣೆಗೆ ಪಾವತಿಯಲ್ಲಿ ಇನ್ನೂ ಹೆಚ್ಚಿನ ಬೆಲೆ ಬರಬೇಕು.

ಭಾರತದಲ್ಲಿ ಈ ಚರ್ಚೆ ಈಗಷ್ಟೇ ಬಾಗಿಲಿಗೆ ಬಂದಿದೆ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಗಳಿಗೆ ನಿಗದಿತ ಪ್ಯಾಕೇಜ್ ದರವಿದೆ. ಔಷಧೋಪಚಾರದ ಅನೇಕ ಪ್ಯಾಕೇಜ್‌ಗಳಿಗೆ ರೋಗಿ ಸಾಮಾನ್ಯ ವಾರ್ಡಿನಲ್ಲಿದ್ದಾರೋ, ಐಸಿಯುವಿನಲ್ಲಿದ್ದಾರೋ, ವೆಂಟಿಲೇಟರ್ ಇದೆಯೋ ಎಂಬುದರ ಮೇಲೆ ದಿನದ ದರ. ಅಂದರೆ ಸಂಕೀರ್ಣತೆಯನ್ನು ಅಲ್ಲಿ ಅಳೆಯುತ್ತಿರುವುದು ಕೊಟ್ಟ ಹಾಸಿಗೆಯಿಂದ. ನಿಮಿಷಗಳಿಂದ ಅಳೆಯುತ್ತಿದ್ದ ಹಳೆಯ ಅಮೆರಿಕನ್ ಪದ್ಧತಿಗೆ ಇದು ತತ್ವದಲ್ಲಿ ಬಹಳ ಸಮೀಪ. 2022ರ ಪ್ಯಾಕೇಜ್ ಪರಿಷ್ಕರಣೆಯ ಜೊತೆಗೆ ರೋಗನಿದಾನ ಆಧಾರಿತ ಗುಂಪುಗಳನ್ನು ಪ್ರಾಯೋಗಿಕವಾಗಿ ತರುವುದಾಗಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಪ್ರಕಟಿಸಿತು. 2024ರ ಅಕ್ಟೋಬರ್‌ನಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಯೋಜನೆಯನ್ನು ವಿಸ್ತರಿಸಲಾಯಿತು. ಎಪ್ಪತ್ತು ದಾಟಿದವರಲ್ಲಿ ಒಂದೇ ಕಾಯಿಲೆ ಇರುವವರು ಅಪರೂಪ. ಸೊಂಟದ ಮೂಳೆ ಮುರಿದ ಅಜ್ಜಿ ಎದ್ದು ನಿಲ್ಲಬಲ್ಲರೇ, ತಾವೇ ಊಟ ಮಾಡಬಲ್ಲರೇ ಎಂಬುದು ರೋಗನಿದಾನದ ಸಂಕೇತಗಳಲ್ಲಿ ಕಾಣುವುದಿಲ್ಲ. ಈ ಕೆಲಸವನ್ನು ರೂಪಿಸುತ್ತಿರುವವರು ದೈನಂದಿನ ಸಾಮರ್ಥ್ಯದ ಸರಳ ದಾಖಲೆಯೊಂದನ್ನು ಆರಂಭದಿಂದಲೇ ಸೇರಿಸಿಕೊಳ್ಳಲಿ ಎಂಬುದು ನನ್ನ ಹಂಬಲ. ಅಂಥ ಮಾಹಿತಿಯನ್ನು ಇಂದು ಸಂಗ್ರಹಿಸದಿದ್ದರೆ ಹತ್ತು ವರ್ಷಗಳ ನಂತರ ತೂಕ ಕಟ್ಟಲು ಕೈಯಲ್ಲಿ ಏನೂ ಇರುವುದಿಲ್ಲ.

ಮಕ್ಕಳ ಜೊತೆ ಅಮೆರಿಕದಲ್ಲಿ ನೆಲೆಸಿ, ಮೆಡಿಕೇರ್ ಪಡೆದಿರುವ ಕನ್ನಡದ ಹಿರಿಯರೂ ಈಗ ಈ ಕೇಂದ್ರಗಳಿಗೆ ಬರುತ್ತಿದ್ದಾರೆ. ನೆನಪನ್ನು ಅಳೆಯಲು ಇಲ್ಲಿ 15 ಅಂಕಗಳ ಒಂದು ಸಂದರ್ಶನವಿದೆ. ಮೂರು ಪದಗಳನ್ನು ಹೇಳಿ ಸ್ವಲ್ಪ ಹೊತ್ತಿನ ನಂತರ ನೆನಪಿಸಿಕೊಳ್ಳಲು ಕೇಳುತ್ತಾರೆ, ಇದು ಯಾವ ವರ್ಷ, ಯಾವ ತಿಂಗಳು, ಯಾವ ವಾರ ಎಂದು ಕೇಳುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಒಬ್ಬರಿಗೆ ಅದನ್ನು ಇಂಗ್ಲಿಷಿನಲ್ಲೇ ನಡೆಸಲು ಹೊರಟಿದ್ದಾಗ ನಾನು ಕನ್ನಡದಲ್ಲಿ ಕೇಳುತ್ತೇನೆ ಎಂದು ಹೇಳಿ ಪಕ್ಕದಲ್ಲಿ ಕುಳಿತೆ. “ಈಗ ಯಾವ ತಿಂಗಳು ಅಜ್ಜಿ?” ಎಂದು ಕೇಳಿದರೆ, “ಕಾರ್ತೀಕ ಅಲ್ವೇನಮ್ಮಾ, ದೀಪಾವಳಿ ಮೊನ್ನೆ ತಾನೇ ಆಯ್ತು” ಎಂದರು. ಅವರ ನೆನಪು ಚೆನ್ನಾಗಿಯೇ ಇತ್ತು. ಇಂಗ್ಲಿಷಿನಲ್ಲೇ ಮುಗಿಸಿದ್ದರೆ ಮರೆವಿನ ರೋಗಿ ಎಂಬ ದಾಖಲೆಯಾಗುತ್ತಿತ್ತು, ಕೇಂದ್ರಕ್ಕೆ ತುಸು ಹೆಚ್ಚು ಹಣವೂ ಬರುತ್ತಿತ್ತು, ಮತ್ತು ಆ ಸುಳ್ಳು ಅವರ ಚಾರ್ಟಿನಲ್ಲಿ ಮುಂದಿನ ಆಸ್ಪತ್ರೆಯವರೆಗೂ ಸಾಗುತ್ತಿತ್ತು.

ಆದ್ದರಿಂದ ತಂದೆತಾಯಿಯನ್ನು ಇಂಥ ಕೇಂದ್ರಕ್ಕೆ ಸೇರಿಸುವ ಮಕ್ಕಳಲ್ಲಿ ನನ್ನ ವಿನಂತಿ ಇಷ್ಟು. ಮೊದಲ ಮೂರು ದಿನಗಳಲ್ಲಿ ಆದಷ್ಟು ಹೊತ್ತು ಜೊತೆಗಿರಿ. ಬೀಳುವ ಮೊದಲು ಅವರು ಏನೇನು ಮಾಡಿಕೊಳ್ಳುತ್ತಿದ್ದರು, ರಾತ್ರಿ ಹೇಗೆ ಮಲಗುತ್ತಾರೆ, ಊಟಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನೆಲ್ಲ ನರ್ಸಿಗೂ ಥೆರಪಿಸ್ಟಿಗೂ ಹೇಳಿ. ದುಭಾಷಿ ಬೇಕೆಂದು ಬಾಯಿಬಿಟ್ಟು ಕೇಳಿ; ಕನ್ನಡ ಎಂದು ಬರೆಸಿ, ಇಂಡಿಯನ್ ಎಂದು ಬರೆದುಕೊಳ್ಳಲು ಬಿಡಬೇಡಿ. ಆರೈಕೆ ಯೋಜನೆಯ ಸಭೆಗೆ ಹೋಗಿ, ವಾರಕ್ಕೆ ಎಷ್ಟು ಹೊತ್ತಿನ ಥೆರಪಿ ಸಿಗುತ್ತಿದೆ, ಅದನ್ನು ಯಾವ ಆಧಾರದ ಮೇಲೆ ನಿರ್ಧರಿಸಿದ್ದಾರೆ ಎಂದು ಕೇಳಿ. ಸುಧಾರಣೆ ನಿಂತಿದೆ, ಆದ್ದರಿಂದ ಮೆಡಿಕೇರ್ ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ಹಾಗೆಯೇ ಒಪ್ಪಬೇಡಿ. ಇದೇ ವಿಷಯವಾಗಿ ಸರ್ಕಾರದ ವಿರುದ್ಧ ನ್ಯಾಯಾಲಯದಲ್ಲಿ ನಡೆದ ಜಿಮ್ಮೊ ಪ್ರಕರಣದ 2013ರ ಒಪ್ಪಂದದ ಪ್ರಕಾರ ನೋಡಬೇಕಾದದ್ದು ನುರಿತ ಆರೈಕೆ ಬೇಕೇ ಎಂಬುದನ್ನು, ರೋಗಿ ಸುಧಾರಿಸುತ್ತಾರೆಯೇ ಎಂಬುದನ್ನಲ್ಲ. ಇರುವ ಸ್ಥಿತಿಯನ್ನು ಕಾಪಾಡಿಕೊಳ್ಳಲು ಬೇಕಾದ ನುರಿತ ಆರೈಕೆಗೂ ವಿಮೆ ಸಲ್ಲುತ್ತದೆ. ವಿಮೆ ನಿಲ್ಲುವುದಕ್ಕೆ ಕನಿಷ್ಠ ಎರಡು ದಿನ ಮೊದಲು ಲಿಖಿತ ನೋಟಿಸು ಕೊಡಲೇಬೇಕು. ಮೇಲ್ಮನವಿಗೆ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆ ಆ ಕಾಗದದಲ್ಲೇ ಇರುತ್ತದೆ, ಮತ್ತು ವಿಮೆ ನಿಲ್ಲುವ ಹಿಂದಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಆ ಕರೆ ಹೋಗಬೇಕು.